ರೇಷ್ಮೆ ಬಟ್ಟೆಯಲ್ಲಿ ಪ್ಲೇಟು ಒರೆಸಬೇಡಿ

ಹಾಡಿನ ಪ್ಲೇಟುಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳು ಮೈಸೂರು ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಅಂಥ ಹಲವು ಮನೆಗಳಲ್ಲಿ ಪ್ಲೇಯರಿನ ಪಕ್ಕ ಅಂಗೈಯಗಲದ ಒಂದು ರೇಷ್ಮೆ ತುಂಡು ಮಡಿಸಿಟ್ಟಿರುವುದನ್ನು ನೋಡಿದ್ದೇನೆ. ಅಜ್ಜಿಯ ಸೀರೆಯದೋ ಅಜ್ಜನ ಮಡಿಪಂಚೆಯದೋ ನುಣುಪಾದ ಭಾಗ ಅದು. ಪ್ಲೇಟು ಹಾಕುವ ಮುನ್ನ ಅದರಿಂದ ಸುತ್ತಲೂ ಮೆಲ್ಲಗೆ ಒರೆಸುತ್ತಾರೆ. ಹತ್ತಿ ಬಟ್ಟೆ ಒರಟು, ರೇಷ್ಮೆಯಾದರೆ ಗೀರು ಬೀಳುವುದಿಲ್ಲ ಎನ್ನುವ ಕಾಳಜಿ. ಕಾಳಜಿ ದೊಡ್ಡದೇ. ಆದರೆ ಶಿವರಾತ್ರಿ ಕಳೆದು ನಂಜನಗೂಡಿನ ದೊಡ್ಡ ಜಾತ್ರೆಗೆ ತೇರು ಕಟ್ಟುವ ದಿನಗಳಲ್ಲಿ, ಗಾಳಿಯ ಪಸೆಯೆಲ್ಲ ಆರಿಹೋಗಿರುವಾಗ, ಎಲ್ಪಿ ಪ್ಲೇಟಿಗೆ ಇದಕ್ಕಿಂತ ಕೆಟ್ಟ ಉಪಚಾರ ಇನ್ನೊಂದಿಲ್ಲ. ಒರೆಸಿದಷ್ಟೂ ಧೂಳು ಓಡಿ ಬಂದು ಕೂರುತ್ತದೆ. ಮುಳ್ಳು ಇಟ್ಟೊಡನೆ ಚಟ್, ಪಟ್, ಚಟಪಟ. ‘ಧೂಳು ಹೋಗಿಲ್ಲ’ ಎಂದು ಮತ್ತೆ ಒರೆಸುತ್ತಾರೆ. ಸದ್ದು ಮತ್ತೂ ಜಾಸ್ತಿಯಾಗುತ್ತದೆ.

ಹೈಸ್ಕೂಲಿನಲ್ಲಿ ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಕಾಗದದ ಚೂರುಗಳನ್ನು ಎತ್ತಿಸಿದ್ದು ಎಲ್ಲರಿಗೂ ನೆನಪಿರಬೇಕು. ಎರಡು ಬೇರೆ ಬೇರೆ ವಸ್ತುಗಳು ತಾಗಿ ದೂರವಾಗುವಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ದಾಟಿಕೊಳ್ಳುತ್ತವೆ. ಯಾವುದು ಕೊಡುತ್ತದೆ, ಯಾವುದು ಕಿತ್ತುಕೊಳ್ಳುತ್ತದೆ ಎಂಬುದಕ್ಕೆ ವಿಜ್ಞಾನಿಗಳು ಒಂದು ಸಾಲು ಹಾಕಿಟ್ಟಿದ್ದಾರೆ. ಕೊಡುವ ತುದಿಯಲ್ಲಿ ಗಾಜು, ಕೂದಲು, ನೈಲಾನ್, ಉಣ್ಣೆ, ಅವುಗಳ ಹಿಂದೆಯೇ ರೇಷ್ಮೆ. ಹತ್ತಿ ಹೆಚ್ಚುಕಡಿಮೆ ನಡುವೆ. ಕಿತ್ತುಕೊಳ್ಳುವ ತುದಿಯಲ್ಲಿ ಪಿವಿಸಿ, ಅಂದರೆ ನಮ್ಮ ಎಲ್ಪಿ ತಟ್ಟೆಯ ವಿನೈಲು. ಸಾಲಿನಲ್ಲಿ ಎರಡು ವಸ್ತುಗಳ ನಡುವಿನ ದೂರ ಹೆಚ್ಚಿದಷ್ಟೂ ಉಜ್ಜಾಟದಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತೂ ಹೆಚ್ಚು. ರೇಷ್ಮೆಗೂ ವಿನೈಲಿಗೂ ನಡುವೆ ದೂರ ಬಹಳ. ಅಜ್ಜಿಯ ಸೀರೆ ಪ್ಲೇಟಿಗೆ ಎಲೆಕ್ಟ್ರಾನುಗಳನ್ನು ಧಾರೆಯೆರೆದು ಕೊಡುತ್ತದೆ ಎಂದೇ ಹೇಳಬೇಕು.

ಈ ಮಾತು ರೇಷ್ಮೆಯ ಕೆಲಸದವರಿಗೆ ಹೊಸದಲ್ಲ. ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ನೂಲು ಬಿಚ್ಚಾಣಿಕೆಯ ಕಾರ್ಖಾನೆ ಇರುವುದು ಇದೇ ಸೀಮೆಯ ತಿ. ನರಸೀಪುರದಲ್ಲೇ. 1912ರಲ್ಲಿ ಅರಮನೆಯ ಮುತುವರ್ಜಿಯಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಈಗ ಇಲ್ಲಿಂದಲೇ ನೂಲು ಹೋಗುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದ ಮೇಲೆ ಎಳೆ ಹಿಡಿಯುವ ಕೆಲಸ ಅದು. ನೀರಿನಲ್ಲಿರುವಷ್ಟು ಹೊತ್ತು ಎಳೆ ಹೇಳಿದಂತೆ ಕೇಳುತ್ತದೆ. ಒಣಗಿ, ಹುರಿ ಹಾಕುವ ಯಂತ್ರಕ್ಕೂ ಮಗ್ಗಕ್ಕೂ ಹೋದಾಗ ಗಾಳಿಯಲ್ಲಿ ತೇವ ಇಲ್ಲದಿದ್ದರೆ ಎಳೆ ಎಳೆಯನ್ನು ದೂಡಿ ಕೆದರಿಕೊಳ್ಳುತ್ತದೆ, ಲೋಹಕ್ಕೂ ಮೈಗೂ ಅಂಟುತ್ತದೆ. ಅದಕ್ಕೇ ಜವಳಿ ಗಿರಣಿಗಳಲ್ಲಿ ಗಾಳಿಯ ತೇವವನ್ನು ಅಳೆದು ಕಾಯ್ದುಕೊಳ್ಳುವ ಪದ್ಧತಿ. ಒಳ್ಳೆಯ ದ್ವಿತಳಿ ಗೂಡೊಂದರ ಎಳೆ ಸಾವಿರ ಮೀಟರಿನ ಆಸುಪಾಸು ಬರುತ್ತದೆ. ಎಲ್ಪಿಯ ಒಂದು ಮಗ್ಗುಲಿನ ಗೆರೆಯನ್ನು ಬಿಚ್ಚಿ ಎಳೆದರೆ ಸುಮಾರು ಅರ್ಧ ಕಿಲೋಮೀಟರ್. ಆ ಅರ್ಧ ಕಿಲೋಮೀಟರು ಉದ್ದಕ್ಕೂ ಗೆರೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಅಲ್ಲಿ ಕೂತ ಒಂದು ಧೂಳಿನ ಕಣ ಮುಳ್ಳಿಗೆ ಬಂಡೆ.

ಒಣ ದಿನದಲ್ಲಿ ಉಜ್ಜಿದ ಪ್ಲೇಟಿನ ಮೇಲೆ ಸಾವಿರಾರು ವೋಲ್ಟ್ ಸೇರುವುದು ತೀರ ಸಾಮಾನ್ಯ. ಹೆದರಬೇಕಿಲ್ಲ, ಮೊತ್ತ ಅತ್ಯಲ್ಪ. ಅಬ್ಬಬ್ಬಾ ಎಂದರೆ ಬೆರಳಿಗೆ ಚುರುಕ್ ಎನ್ನಬಹುದು. ಆದರೆ ಸಾಮಾನ್ಯ ಮ್ಯಾಗ್ನೆಟ್ ಪಿಕಪ್ಪಿನಿಂದ ಹೊರಡುವ ಸಂಗೀತದ ಸಂಕೇತವೇ ಐದು ಮಿಲಿವೋಲ್ಟಿನ ಆಸುಪಾಸು. ಆಂಪ್ಲಿಫೈಯರ್ ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು. ಹಾಗಿರುವಾಗ ಮುಳ್ಳಿನ ಬಳಿ ಒಂದು ಸಣ್ಣ ಕಿಡಿ ಹಾರಿದರೂ ಸ್ಪೀಕರಿನಲ್ಲಿ ಪಟಾಕಿ.

ಈ ಸೀಮೆಯ ಪ್ಲೇಟುಗಳ ಮಾತು ಎತ್ತಿದ ಮೇಲೆ ಇಲ್ಲಿಯವರೇ ಆದ ಚೌಡಯ್ಯನವರ ವಿಚಾರಕ್ಕೂ ಬರೋಣ. ನರಸೀಪುರದ ಎದುರು ದಡದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಪಾಠವಾದ ಪಿಟೀಲು ಚೌಡಯ್ಯನವರು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ತಮ್ಮ ಪಿಟೀಲು ಕೇಳುತ್ತಿಲ್ಲ ಎಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ವಾದ್ಯ ಮಾಡಿಕೊಂಡವರು. 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ, 1967ರಲ್ಲಿ ತೀರಿಕೊಂಡರು. ಬೆಂಗಳೂರಿನ ಪಿಟೀಲಿನಾಕಾರದ ಸಭಾಂಗಣ ಅವರದೇ ಹೆಸರಿನದು. ಈ ಭಾಗದಲ್ಲಿ ಯಾರ ಮನೆಯಲ್ಲಾದರೂ ಅವರ ಪ್ಲೇಟು ಇದೆ ಎಂದರೆ, ಅದು ನಿಮಿಷಕ್ಕೆ 78 ಸುತ್ತಿನದೋ ಎಲ್ಪಿಯೋ ಎಂದು ನಾನು ಮೊದಲು ಕೇಳುವುದು. ಎರಡರ ರೋಗವೂ ಬೇರೆ, ಮದ್ದೂ ಬೇರೆ.

78ರ ತಟ್ಟೆ ವಿನೈಲಲ್ಲ, ಅರಗು. ಅರಗಿಗೆ ಕಲ್ಲಿನ ನುಣುಪು ಪುಡಿ, ಕಪ್ಪು ಬಣ್ಣಕ್ಕೆ ಕಾಡಿಗೆ ಎಲ್ಲ ಬೆರೆಸಿ ಒತ್ತಿದ್ದು. ಉಕ್ಕಿನ ಮುಳ್ಳು ತನ್ನ ತುದಿಯನ್ನು ತೇಯ್ದುಕೊಂಡು ಗೆರೆಗೆ ಹೊಂದಿಕೊಳ್ಳಲಿ ಎಂದೇ ಆ ಕಲ್ಲುಪುಡಿ. ಹಾಗಾಗಿಯೇ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು, ಪ್ಲೇಯರಿನ ಜೊತೆ ತಗಡಿನ ಮುಳ್ಳಿನ ಡಬ್ಬಿ. ಆ ಪ್ಲೇಟಿನಲ್ಲಿ ಮೊದಲಿಂದ ಕೊನೆಯವರೆಗೆ ‘ಸರ್ರ್’ ಎಂದು ಕೇಳುವುದು ಕಲ್ಲುಪುಡಿಯ ಸದ್ದು, ಸ್ಥಾಯಿ ವಿದ್ಯುತ್ತಿನದಲ್ಲ. ಅದನ್ನು ನಿಲ್ಲಿಸುತ್ತೇನೆಂದು ಯಾವ ಬ್ರಷ್ಷು, ಸ್ಥಾಯಿ ವಿದ್ಯುತ್ ತೆಗೆಯುವ ಯಾವ ಗನ್ನು ತಂದರೂ ದುಡ್ಡು ದಂಡ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಲೇಬಾರದು. ಬಡಗಿಗಳು ಪಾಲಿಶ್ ಮಾಡಲು ಅರಗಿನ ಚಕ್ಕೆಯನ್ನು ಕರಗಿಸುವುದೇ ಸ್ಪಿರಿಟ್ಟಿನಲ್ಲಿ. ಎಲ್ಪಿ ತೊಳೆಯುವುದಕ್ಕೆಂದು ಮಾರುವ ಎಷ್ಟೋ ದ್ರಾವಣಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಅದನ್ನು ಚೌಡಯ್ಯನವರ 78ರ ಮೇಲೆ ಸುರಿದರೆ ಏಳು ತಂತಿಯೂ ಒಟ್ಟಿಗೆ ಹೋದಂತೆ.

ನಮ್ಮ ದೇಶದಲ್ಲಿ ಅರಗಿನ ಕಾಲ ಬಹಳ ದೀರ್ಘವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿ ಹೆಸರಾದ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆಗಳೆಲ್ಲ ಅರಗಿನವು. ಜಯಚಾಮರಾಜ ಒಡೆಯರು ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ಎಚ್‌ಎಂವಿಯಿಂದ ತಮ್ಮ ಖರ್ಚಿನಲ್ಲಿ ಮುದ್ರಿಸಿದರಲ್ಲ, ಅವೂ ಅರಗಿನವೇ. 1948ರಲ್ಲಿ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಜೂನಿನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲಿನ ಎಲ್ಪಿಯನ್ನು ಹೊರತಂದಿತು, ಹಿಂದೆಯೇ ಧೂಳಿನ ದೂರೂ ಬಂತು. ನಮ್ಮಲ್ಲಿ ಮಾತ್ರ ಅರವತ್ತರ ದಶಕದ ನಡುವಿನಲ್ಲೂ ಗ್ರಾಮಫೋನ್ ಕಂಪನಿಯ ಕಲ್ಕತ್ತೆಯ ಡಂಡಂ ಕಾರ್ಖಾನೆ 78 ಒತ್ತುತ್ತಲೇ ಇತ್ತು. ಬೀಟಲ್ಸ್ ಹಾಡುಗಳ 78 ಪ್ಲೇಟುಗಳು ಭಾರತದಲ್ಲಿ ಬಂದಿದ್ದವು. ಇವತ್ತು ವಿದೇಶದ ಸಂಗ್ರಾಹಕರು ಅವಕ್ಕಾಗಿ ಹಾತೊರೆಯುತ್ತಾರೆ. ಹೀಗೆ ಎರಡು ಪೀಳಿಗೆ ಅರಗಿನ ತಟ್ಟೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ರೂಢಿ ಮಾಡಿಕೊಂಡಿತು. ವಿನೈಲು ಬಂದ ಮೇಲೂ ಕೈ ಹಳೆಯ ರೂಢಿ ಬಿಡಲಿಲ್ಲ. ನನಗೆ ಕಾಣುವಂತೆ ರೇಷ್ಮೆ ತುಂಡಿನ ಕಥೆ ಇಷ್ಟೇ.

ಮದ್ದಿಗೆ ಮೊದಲು ರೋಗ ಗೊತ್ತಾಗಬೇಕು. ಪ್ಲೇಟಿನ ಪ್ರತಿ ಚಟ್ ಸದ್ದೂ ಸ್ಥಾಯಿ ವಿದ್ಯುತ್ತಿನದಲ್ಲ. ಎಲ್ಪಿ ಒಂದು ಸುತ್ತು ತಿರುಗಲು 1.8 ಸೆಕೆಂಡ್ ಬೇಕು. ಸದ್ದು ಸರಿಯಾಗಿ 1.8 ಸೆಕೆಂಡಿಗೊಮ್ಮೆ, ತಾಳ ಹಾಕಿದಂತೆ ಬೀಳುತ್ತಿದ್ದರೆ ಅದು ಅಡ್ಡ ಬಿದ್ದ ಗೀರು. ಯಾವ ಉಪಚಾರಕ್ಕೂ ಹೋಗುವುದಿಲ್ಲ. 45ರ ಸಣ್ಣ ಪ್ಲೇಟಿನಲ್ಲಿ ಅದು 1.33 ಸೆಕೆಂಡಿಗೊಮ್ಮೆ ಬರುತ್ತದೆ. ತಾಳ ತಪ್ಪಿ, ಅಡ್ಡಾದಿಡ್ಡಿ ಬಂದರೆ ಮುಳ್ಳನ್ನು ಎತ್ತಿ ಅದೇ ಜಾಗವನ್ನು ಮತ್ತೊಮ್ಮೆ ಕೇಳಿ. ಎರಡನೆಯ ಸಲವೂ ಅದೇ ಸ್ವರದ ಮೇಲೆ ಬಿದ್ದರೆ ಗೆರೆಯಲ್ಲಿ ಕೊಳೆ ಅಂಟಿದೆ. ಮೊದಲು ಬಂದ ಕಡೆ ಈಗ ಇಲ್ಲ, ಇಲ್ಲದ ಕಡೆ ಈಗ ಇದೆ ಎಂದರೆ ಆಗ ಸ್ಥಾಯಿ ವಿದ್ಯುತ್ತನ್ನು ಅನುಮಾನಿಸಬಹುದು. ಚಾತುರ್ಮಾಸದಲ್ಲಿ ಸುಮ್ಮನಿದ್ದ ಪ್ಲೇಟು ಫಾಲ್ಗುಣದಲ್ಲಿ ಗಲಾಟೆ ಮಾಡಿದರೆ ಅನುಮಾನವೂ ಬೇಡ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಂಜನಗೂಡು, ನರಸೀಪುರಗಳಲ್ಲಿ ಮಧ್ಯಾಹ್ನದ ಗಾಳಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಚಟ ಎನ್ನುತ್ತದೆ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಗಾಳಿಯಲ್ಲಿ ಪಸೆ ಇದ್ದಾಗ ಪ್ರತಿ ವಸ್ತುವಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂತಿರುತ್ತದೆ. ಸೇರಿದ ವಿದ್ಯುದಾವೇಶ ಅದರ ಮೇಲೆ ಹರಿದು ತಾನಾಗಿ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ಆ ದಾರಿ ಮುಚ್ಚುತ್ತದೆ. ಧೂಳಿಗೂ ಅದೇ ಹಂಗಾಮು. ಮೂರು ವರ್ಷಕ್ಕೊಮ್ಮೆ ನರಸೀಪುರದ ಸಂಗಮದಲ್ಲಿ ಕುಂಭಮೇಳ ಸೇರುವುದೂ ಈ ದಿನಗಳಲ್ಲೇ. ಅದೇ ತಾಲ್ಲೂಕಿನ ತಲಕಾಡಿನ ಮರಳಂತೂ ಲೋಕಪ್ರಸಿದ್ಧ. ಗಾಳಿಗೆ ಪುಟಿಯುತ್ತ ಸಾಗುವ ಮರಳಿನ ಕಣಗಳು ಒಂದಕ್ಕೊಂದು ಬಡಿದು ತಾವೇ ವಿದ್ಯುತ್ ತುಂಬಿಕೊಳ್ಳುತ್ತವೆ. ಸಾಮಾನ್ಯವಾಗಿ ಸಣ್ಣ ಕಣಗಳು ಋಣ, ದೊಡ್ಡವು ಧನ. ‘ತಲಕಾಡು ಮರಳಾಗಲಿ’ ಎಂಬ ಶಾಪಕ್ಕೆ ಇದನ್ನೂ ಸೇರಿಸಿಕೊಳ್ಳಬಹುದೇನೋ. ನಮ್ಮ ಪ್ಲೇಟಿಗೆ ಸಂಬಂಧಪಟ್ಟಷ್ಟು ಹೇಳುವುದಾದರೆ, ಮಣ್ಣಿನ ಧೂಳಿನಲ್ಲಿ ಕ್ವಾರ್ಟ್ಜ್ ಚೂರು ಇದ್ದೇ ಇರುತ್ತದೆ. ಉಗುರಲ್ಲಿ ಗೀಚಿದರೂ ಗುರುತು ಬೀಳುವ ವಿನೈಲಿನ ಮೇಲೆ ಆ ಚೂರನ್ನು ವಜ್ರದ ಮುಳ್ಳು ಒತ್ತಿ ಎಳೆದರೆ ಇನ್ನೇನಾದೀತು? ಸ್ಥಾಯಿ ವಿದ್ಯುತ್ತಿನ ನಿಜವಾದ ಹಾನಿ ಆ ಗಳಿಗೆಯ ಪಟಪಟಕ್ಕಿಂತ ಹೆಚ್ಚಾಗಿ ಹೀಗೆ ಕರೆದು ಕೂರಿಸುವ ಧೂಳಿನಿಂದ.

ಯಾರನ್ನೇ ಕೇಳಿದರೂ ಮೊದಲು ಹೇಳುವುದು ‘ಅರ್ಥ್ ಕೊಡಿ’ ಎಂದು. ಪ್ಲೇಯರಿಗೆ, ಟೋನ್‌ಆರ್ಮಿಗೆ ಅರ್ಥ್ ವೈರ್ ಇರಲೇಬೇಕು, ಇಲ್ಲವಾದರೆ ಗುಂಯ್ ಎನ್ನುತ್ತದೆ. ಆದರೆ ಪ್ಲೇಟಿನ ಮೇಲಿರುವ ಆವೇಶ ಅದರಿಂದ ಇಳಿಯುವುದಿಲ್ಲ. ವಿನೈಲು ಅವಾಹಕ. ಒಂದು ಕಡೆ ವೈರ್ ತಾಗಿಸಿದರೆ ಆ ಚುಕ್ಕೆಯಷ್ಟೇ ಖಾಲಿಯಾಗುತ್ತದೆ, ಪಕ್ಕದ್ದು ಇದ್ದಲ್ಲೇ ಇರುತ್ತದೆ. ಮೈಮೇಲೆಲ್ಲ ಹರಡಿದ್ದನ್ನು ಮೈಮೇಲೆಲ್ಲ ತಾಗಿಯೇ ತೆಗೆಯಬೇಕು, ಇಲ್ಲವೇ ಗಾಳಿಯ ಮೂಲಕ ತೆಗೆಯಬೇಕು.

ಆವೇಶ ಹುಟ್ಟುವುದು ಮುಳ್ಳಿನಿಂದ ಎಂಬುದೂ ಅಷ್ಟು ಸರಿಯಲ್ಲ. ಬೇಸಿಗೆಯ ಮಧ್ಯಾಹ್ನ ಎಲ್ಪಿಯನ್ನು ಒಳಗಿನ ಕಾಗದದ ಕವರಿನಿಂದ ಸರಕ್ಕನೆ ಎಳೆದು ನೋಡಿ. ಮುಂಗೈಯ ರೋಮ ಪ್ಲೇಟಿನತ್ತ ನಿಮಿರಿ ನಿಲ್ಲುತ್ತದೆ. ಒಣ ಕಾಗದಕ್ಕೂ ವಿನೈಲಿಗೂ ಒಂದಡಿ ಉದ್ದದ ಉಜ್ಜಾಟ ಆಗಿಹೋಯಿತು. ಹಾಡು ಮುಗಿದ ಮೇಲೆ ಎತ್ತುವಾಗ ಇನ್ನೊಂದು ತಮಾಷೆ: ಪ್ಲ್ಯಾಟರಿನ ಮೇಲಿನ ಫೆಲ್ಟ್ ಚಾಪೆಯೂ ಪ್ಲೇಟಿಗೆ ಅಂಟಿಕೊಂಡು ಮೇಲೇಳುತ್ತದೆ, ಅರ್ಧ ಎತ್ತಿದ ಮೇಲೆ ಚಟಚಟ ಸದ್ದಿನೊಡನೆ ಬಿಟ್ಟು ಬೀಳುತ್ತದೆ, ಬೀಳುವಾಗ ತನ್ನ ನಾರಿನ ನವುರನ್ನೆಲ್ಲ ಪ್ಲೇಟಿಗೆ ಬಿಟ್ಟುಕೊಡುತ್ತದೆ. ಪ್ಲೇಯರ್ ಕಂಪನಿಗಳು ಇನ್ನೂ ಯಾಕೆ ಫೆಲ್ಟ್ ಕೊಡುತ್ತವೋ ಗೊತ್ತಿಲ್ಲ, ಅಗ್ಗ ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಗುಣವಿಲ್ಲ. ಕಾರ್ಕಿನ ಹಾಳೆಯೋ ತೊಗಲಿನದೋ ರಬ್ಬರಿನದೋ ಹಾಕಿದರೆ ಈ ಉಪದ್ರವ ಬಹುಮಟ್ಟಿಗೆ ಕಡಿಮೆ. ಕಾಗದದ ಒಳಕವರನ್ನು ತೆಗೆದು ನುಣುಪಾದ ಪಾಲಿಥಿನ್ನಿನ ಆಂಟಿಸ್ಟ್ಯಾಟಿಕ್ ಕವರಿಗೆ ಹಾಕಿದರೆ ಇನ್ನರ್ಧ ಕಡಿಮೆ. ಮತ್ತೆ ಎಳೆಯುವ ಗಡಿಬಿಡಿ ಬೇಡ, ನಿಧಾನವಾಗಿ ಜಾರಿಸಬೇಕು.

ನರಸೀಪುರದ ಕಡೆ ಹಿಂದೆ ಮದುವೆ, ಜಾತ್ರೆಗಳಿಗೆ ಮೈಕ್‌ಸೆಟ್ ಕಟ್ಟುತ್ತಿದ್ದ ಹಿರಿಯರೊಬ್ಬರನ್ನು ಪ್ಲೇಟು ಹೇಗೆ ಒರೆಸುತ್ತಿದ್ದಿರಿ ಎಂದು ಕೇಳಿದೆ.

“ಒರ್ಸೋಕೆ ಪುರ್ಸೊತ್ತೆಲ್ಲಿತ್ತು ಸ್ವಾಮಿ? ಒಂದು ಮುಗಿಯೋಷ್ಟ್ರಲ್ಲಿ ಇನ್ನೊಂದು ಕೈಯಲ್ಲಿರ್ಬೇಕು. ಇಲ್ಲಾಂದ್ರೆ ಗಂಡಿನ ಕಡೇವ್ರು ಎದ್ದು ಬರೋರು.”

“ಧೂಳಾದ್ರೆ ಏನ್ಮಾಡ್ತಿದ್ರಿ ಯಜಮಾನ್ರೆ?”

“ಟವಲ್ ಒದ್ದೆ ಮಾಡಿ, ಚೆನ್ನಾಗ್ ಹಿಂಡಿ, ಒಂದ್ಸಲ ಎಳೆಯೋದು. ಅಷ್ಟೇಯ.”

ಸಿನಿಮಾ ಟೆಂಟಿನಲ್ಲಿ ಆಟ ಶುರುವಾಗುವ ಮುನ್ನ ಘಂಟಸಾಲರ ವೆಂಕಟೇಶ ಸ್ತುತಿಯನ್ನು ದಿನಾ ಹಾಕಿ ಹಾಕಿ ಸವೆಸಿದವರದೂ ಇದೇ ಪೈಕಿಯ ಕೈ. ಅವರ ಪ್ಲೇಟುಗಳಲ್ಲಿ ಗೀರಿಗೇನೂ ಕೊರತೆಯಿಲ್ಲ, ಜೋಪಾನದ ಮಾದರಿ ಅದಲ್ಲ. ಆದರೆ ಹಿಂಡಿದ ಒದ್ದೆ ಹತ್ತಿ ಬಟ್ಟೆ ಎಂಬ ಒಂದು ವಿಚಾರದಲ್ಲಿ ಮೈಕ್‌ಸೆಟ್ಟಿನವರು ರಸಿಕರಿಗಿಂತ ಸರಿಯಾದ ದಾರಿಯಲ್ಲಿದ್ದರು. ತೇವ ಇದ್ದಲ್ಲಿ ಆವೇಶ ನಿಲ್ಲುವುದಿಲ್ಲ.

ಅದನ್ನೇ ಕೊಂಚ ಶಿಸ್ತಿನಿಂದ ಮಾಡಿದರೆ ಪ್ಲೇಟು ತೊಳೆಯುವುದು ಎನ್ನುತ್ತಾರೆ. ಬೋರ್‌ವೆಲ್ ನೀರು ಬೇಡ. ಆರಿದ ಮೇಲೆ ಪಾತ್ರೆಗೆ ಕಟ್ಟುವ ಬಿಳಿ ಉಪ್ಪು ಗೆರೆಯೊಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕಲು ಕ್ಯಾನಿನಲ್ಲಿ ಮಾರುವ ಡಿಸ್ಟಿಲ್ಡ್ ವಾಟರ್ ಸಾಕು. ಅಂಗಡಿಯವನು ಆ್ಯಸಿಡ್ ಕ್ಯಾನು ಕೊಟ್ಟಿಲ್ಲವೆಂದು ಮಾತ್ರ ಎರಡೆರಡು ಸಲ ನೋಡಿಕೊಳ್ಳಿ. ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ. ನಡುವಿನ ಲೇಬಲ್ಲಿಗೆ ತಾಗದಂತೆ, ಮೆತ್ತನೆ ಬ್ರಷ್ಷಿನಿಂದ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಬೇಕು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ನಿಲ್ಲಿಸಿ ಆರಿಸುವುದು. ಇಲ್ಲೇ ಬಹಳ ಜನ ಕೆಲಸ ಕೆಡಿಸಿಕೊಳ್ಳುವುದು: ಬೇಗ ಆರಲಿ ಎಂದು ಒಣ ಬಟ್ಟೆಯಲ್ಲಿ ಉಜ್ಜುತ್ತಾರೆ, ಹೋಗಿದ್ದ ಆವೇಶ ಪೂರ್ತಿ ವಾಪಸು ಬರುತ್ತದೆ. ಹಾಗೆ ತೊಳೆದ ಎಲ್ಪಿಯನ್ನು ಹೊಸ ಕವರಿಗೆ ಹಾಕಿಟ್ಟರೆ ವರ್ಷಗಟ್ಟಲೆ ಮತ್ತೆ ತೊಳೆಯಬೇಕಿಲ್ಲ.

ದಿನದ ಬಳಕೆಗೆ ಕಾರ್ಬನ್ ನಾರಿನ ಬ್ರಷ್. ಕೂದಲಿಗಿಂತ ಎಷ್ಟೋ ಸಣ್ಣದಾದ ಆ ನಾರುಗಳು ವಾಹಕಗಳು, ಗೆರೆಯ ಒಳಕ್ಕೂ ಇಳಿಯುತ್ತವೆ. ಹಿಡಿಯ ಲೋಹದ ಭಾಗಕ್ಕೆ ಬೆರಳು ತಾಗಿರಬೇಕು, ಇಲ್ಲವಾದರೆ ಆವೇಶ ಹೋಗುವುದಾದರೂ ಎಲ್ಲಿಗೆ? ಪ್ಲೇಟು ಸುತ್ತುತ್ತಿರುವಾಗ ಎರಡು ಮೂರು ಸುತ್ತು ಹಗುರವಾಗಿ ತಾಗಿಸಿ, ಕೊನೆಗೆ ನಿಧಾನವಾಗಿ ಅಂಚಿಗೆ ಸರಿಸಿ ಎತ್ತುವುದು. ಒತ್ತಿ ಹಿಡಿದರೆ ಇದೂ ಒಣ ಒರೆಸುವಿಕೆಯೇ ಆಗುತ್ತದೆ. 1978ರಲ್ಲಿ ಶೂರ್ ಕಂಪನಿ ತನ್ನ ವಿ15 ಟೈಪ್ 4 ಪಿಕಪ್ಪಿನ ಮೂತಿಗೇ ಹತ್ತು ಸಾವಿರ ಕಾರ್ಬನ್ ನಾರುಗಳ ಪುಟ್ಟ ಬ್ರಷ್ ಕಟ್ಟಿತು, ಹಾಡುತ್ತಿರುವಾಗಲೇ ಆವೇಶ ಇಳಿಯಲಿ ಎಂದು. ಅವರ ವಾದದಲ್ಲಿ ಇನ್ನೊಂದು ಅಂಶವಿತ್ತು: ಪ್ಲೇಟಿನ ಆವೇಶ ಪಿಕಪ್ಪನ್ನು ಕೆಳಕ್ಕೆ ಸೆಳೆಯುತ್ತದೆ, ಎರಡು ಗ್ರಾಮಿಗೂ ಕಡಿಮೆ ಇಟ್ಟ ಮುಳ್ಳಿನ ಭಾರ ಲೆಕ್ಕ ತಪ್ಪುತ್ತದೆ. ಅದಕ್ಕೂ ಮೊದಲು ಐವತ್ತರ ದಶಕದಲ್ಲಿ ಇಂಗ್ಲೆಂಡಿನ ಸೆಸಿಲ್ ವಾಟ್ಸ್ ಮುಳ್ಳಿನ ಜೊತೆಜೊತೆಗೇ ಓಡುವ, ತುಸು ತೇವ ಮಾಡಿದ ಬ್ರಷ್ ಮಾಡಿದ್ದರು. ಅಮೆರಿಕದ ಆರ್‌ಸಿಎ ಪ್ಲೇಟಿನ ಮಿಶ್ರಣದಲ್ಲೇ ಮದ್ದು ಬೆರೆಸಿ, ಅದಕ್ಕೆ 317ಎಕ್ಸ್ ಎಂದು ನಿಗೂಢ ಹೆಸರಿಟ್ಟು ಕವರಿನ ಮೇಲೆ ಹೊಗಳಿಕೊಂಡಿತ್ತು.

ಆಂಟಿಸ್ಟ್ಯಾಟಿಕ್ ಗನ್ ಎಂಬುದೂ ಉಂಟು. ಜೀರೋಸ್ಟ್ಯಾಟ್ ಅದರಲ್ಲಿ ಹಳೆಯ ಹೆಸರು. ಒಳಗಿನ ಹರಳನ್ನು ಕುದುರೆಯಿಂದ ಅದುಮಿದಾಗ ಮೊನೆಯಿಂದ ಧನ ಅಯಾನುಗಳು, ಬಿಡುವಾಗ ಋಣ ಅಯಾನುಗಳು ಹೊರಡುತ್ತವೆ. ಎರಡನ್ನೂ ನಿಧಾನವಾಗಿ ಮಾಡಬೇಕು. ಟಕ್ ಎಂದು ಕಿಡಿ ಸದ್ದು ಬಂದರೆ ಕೆಲಸ ಕೆಟ್ಟಂತೆ. ಬೆಲೆ ಹಲವು ಸಾವಿರ ರೂಪಾಯಿ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲೂ ಅದೇ ಬಗೆಯ ಹರಳು ಇದೆಯೆಂದು ಕೆಲವರು ಅದನ್ನೇ ಪ್ಲೇಟಿನ ಮುಂದೆ ಟಿಕ್‌ಟಿಕ್ ಎನಿಸುತ್ತಾರೆ. ಲೈಟರಿನ ಕಿಡಿ ತನ್ನ ಮೂತಿಯೊಳಗೇ ಹಾರಿ ಮುಗಿಯುತ್ತದೆ, ಪ್ಲೇಟಿನವರೆಗೆ ಬರುವುದು ಕಡಿಮೆ. ಗನ್ನು ಆವೇಶ ತೆಗೆಯುತ್ತದೆ, ಕೂತ ಧೂಳನ್ನಲ್ಲ. ಧೂಳಿಗೆ ಮತ್ತೆ ಬ್ರಷ್ಷೇ ಬೇಕು. ನನ್ನನ್ನು ಕೇಳಿದರೆ, ವರ್ಷದಲ್ಲಿ ಮೂರು ತಿಂಗಳ ಈ ತೊಂದರೆಗೆ ನಮ್ಮ ಸೀಮೆಯಲ್ಲಿ ಗನ್ನಿಗೆ ದುಡ್ಡು ಹಾಕುವ ಬದಲು ಆ ದುಡ್ಡಿಗೆ ಒಳ್ಳೆಯ ಮುಳ್ಳು ಕೊಳ್ಳಬಹುದು. ಒಣ ಮಧ್ಯಾಹ್ನ ಕೇಳಲೇಬೇಕೆಂದರೆ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೂ ಆಯಿತು, ಕೋಣೆಯೂ ತಂಪು.

ಸೀರೆಯ ಪರವಾಗಿ ಒಂದು ಮಾತು ಉಳಿದಿದೆ. ಕಾಗದ, ಪ್ಲಾಸ್ಟಿಕ್ ಹಾಳೆ ಭರದಿಂದ ಓಡುವ ಯಂತ್ರಗಳಲ್ಲಿ ಹಾಳೆಯ ಹತ್ತಿರ ತಾಮ್ರದ ಸಣ್ಣ ಎಳೆಗಳ ತೋರಣವೊಂದನ್ನು ಅಡ್ಡ ಕಟ್ಟಿ ಅರ್ಥ್ ಮಾಡಿರುತ್ತಾರೆ. ಚೂಪಾದ ಲೋಹದ ತುದಿಗಳ ಬಳಿ ಗಾಳಿಯೇ ಅಯಾನುಗಳಾಗಿ ಒಡೆದು ಹಾಳೆಯ ಆವೇಶ ಇಳಿಯುತ್ತದೆ. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ ತಂತಿ, ಮೇಲೆ ಚಿನ್ನದ ಲೇಪ. ಹಾಗಾಗಿ ಸೀರೆಯ ಒಡಲು ತುಂಬುವ ಆವೇಶವನ್ನು ಇಳಿಸಬಲ್ಲ ಗುಣ ಅದೇ ಸೀರೆಯ ಅಂಚಿನಲ್ಲಿದೆ. ಹಾಗೆಂದು ಜರಿ ಅಂಚನ್ನು ಪ್ಲೇಟಿಗೆ ತಾಗಿಸಲು ಹೋಗಬೇಡಿ, ಗೀರು ಬೀಳುವುದು ಖಂಡಿತ. ಸೀರೆ ಬೀರುವಿನಲ್ಲೇ ಇರಲಿ.

ಜೂನ್ ಬಂದು ಕಪಿಲೆ ತುಂಬತೊಡಗಿದರೆ ಈ ಪುರಾಣವೆಲ್ಲ ತಾನಾಗಿ ಮುಗಿಯುತ್ತದೆ. ಆಗಿನ ಶತ್ರು ಬೂಷ್ಟು. ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟು ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುವ ವಾರಗಳಲ್ಲಿ ಹೊಳೆಬದಿಯ ಮನೆಗಳ ರಟ್ಟಿನ ಕವರುಗಳು ತಂಪು ಹಿಡಿಯುತ್ತವೆ, ಪ್ಲೇಟಿನ ಮೇಲಿನ ಕೊಳೆ, ಬೆರಳ ಜಿಡ್ಡನ್ನೇ ತಿಂದು ಬೂಷ್ಟು ಹಬ್ಬುತ್ತದೆ. ಬೇಸಿಗೆಯಲ್ಲಿ ತೊಳೆದಿಟ್ಟ ಪ್ಲೇಟಿಗೆ ಅದು ಸುಲಭವಾಗಿ ಹತ್ತುವುದಿಲ್ಲ. ಬೂಷ್ಟಿಗೆ ಹೆದರಿ ಕಪಾಟಿನ ತುಂಬ ಸಿಲಿಕಾ ಜೆಲ್ ಪೊಟ್ಟಣ ಸುರಿದು ಬಾಗಿಲು ಭದ್ರ ಮಾಡುವವರೂ ಇದ್ದಾರೆ. ಪಸೆಯನ್ನೆಲ್ಲ ಹೀರಿ ಕಪಾಟಿನೊಳಗೆ ಫಾಲ್ಗುಣವನ್ನೇ ತಂದುಕೊಂಡರೆ, ಶ್ರಾವಣದಲ್ಲೂ ಪ್ಲೇಟು ಚಟಪಟ ಎನ್ನುತ್ತದೆ. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟು, ಬಿಸಿಲು ಬಂದ ದಿನ ಬಾಗಿಲು ತೆರೆದಿಟ್ಟರೆ ಅಷ್ಟೇ ಸಾಕು.